ಕ್ಲಬ್ ಹಾಡಿನ ವಸಂತಮ್ಮ

ವೇದಿಕೆಯ ಮೇಲೆ ಹಾಡುವುದು ಅಷ್ಟೇನೂ ಕಷ್ಟವಲ್ಲ. ಹಾಡದೆ ನಿಲ್ಲುವುದು ಕಷ್ಟ. ಪಲ್ಲವಿ ಮುಗಿದು ಚರಣ ಶುರುವಾಗುವವರೆಗೆ ವಾದ್ಯಗಳಷ್ಟೇ ನುಡಿಯುತ್ತವಲ್ಲ, ಅದಕ್ಕೆ ನಾವು ಆರ್ಕೆಸ್ಟ್ರಾದವರು ಬಿಜಿಎಂ ಎನ್ನುತ್ತೇವೆ. ಆ ಹೊತ್ತಿನಲ್ಲಿ ಕೈ ಎಲ್ಲಿಡಬೇಕು, ಯಾರ ಮುಖ ನೋಡಬೇಕು, ಸೆರಗು ಸರಿಮಾಡಿಕೊಳ್ಳಬೇಕೋ ಬೇಡವೋ, ಇದನ್ನು ಯಾವ ಸಂಗೀತ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿಕೊಡಲಿಲ್ಲ. ಮೂವತ್ತೈದು ವರ್ಷ ಮೈಕಿನ ಸ್ಟ್ಯಾಂಡ್ ಹಿಡಿದುಕೊಂಡೇ ಕಳೆದೆ.

ಬೇಲೂರಿನ ಕಾವ್ಯ ಎಂಬ ಹುಡುಗಿ ಈಗಷ್ಟೇ ಮದುವೆ ರಿಸೆಪ್ಷನ್ನುಗಳಲ್ಲಿ ಹಾಡಲು ಶುರುಮಾಡಿದ್ದಾಳೆ. "ಆಂಟಿ, ನಿಮ್ಮ ಅನುಭವ ಎಲ್ಲಾ ಬರೀರಿ, ನಮ್ಮಂಥೋರಿಗೆ ಯೂಸ್ ಆಗತ್ತೆ" ಎಂದು ಗಂಟುಬಿದ್ದಳು. ಎಷ್ಟು ಉಪಯೋಗವಾಗುತ್ತದೋ ನನಗೆ ಗೊತ್ತಿಲ್ಲ. ಸನ್ಮಾನದ ಶಾಲುಗಳ ವಿಷಯ ಬರೆಯುವುದಿಲ್ಲ, ಅವು ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿವೆ. ನಾನು ಬರೆಯುವುದು ಒಂದು ಹಾಡಿನ ಬಗ್ಗೆ. ಹಾಗೆ ನೋಡಿದರೆ ನನ್ನ ಇಡೀ ಕೆಲಸವೇ ಆ ಒಂದು ಹಾಡು.

ಯಾವ ಚಿತ್ರದ್ದು ಎಂದು ಕೇಳಬೇಡಿ. ಚಿತ್ರ ಒಂದು ವಾರವೂ ಓಡಲಿಲ್ಲ, ಕಥೆ ಏನೆಂದು ಅದನ್ನು ತೆಗೆದವರಿಗೂ ಮರೆತಿರಬೇಕು. ಹಾಡು ಮಾತ್ರ ಉಳಿಯಿತು. ಒಂದು ಕ್ಲಬ್ಬು, ಹೊಗೆ, ಮೇಜುಗಳ ನಡುವೆ ಮಿರಮಿರ ಮಿಂಚುವ ಗೌನು ಹಾಕಿಕೊಂಡ ಹೆಂಗಸು. ಮೂಲೆಯಲ್ಲಿ ಅಂಟಿಸಿದ ಮೀಸೆಯ ನಾಯಕ. ಆ ಕಾಲದಲ್ಲಿ ನಾಯಕ ಮೀಸೆ ಅಂಟಿಸಿಕೊಂಡರೆ ಹೆತ್ತ ತಾಯಿಗೂ ಗುರುತು ಸಿಗುತ್ತಿರಲಿಲ್ಲ ಬಿಡಿ. ಹಾಡು ಒಂದು ನಗುವಿನಿಂದ ಶುರುವಾಗುತ್ತದೆ, ಸಣ್ಣ ನಗು. ಆಮೇಲೆ ಡ್ರಮ್ಮಿನ ಮೇಲೆ ಬ್ರಷ್ಷಿನಿಂದ ಸವರಿದ ಸದ್ದು, ಅದರ ಕೆಳಗೆ ಗುಂಯ್ ಎನ್ನುವ ಬೇಸು. ಪಲ್ಲವಿ ಕುಣಿಸುತ್ತದೆ. ಆದರೆ ಎರಡನೇ ಚರಣದ ಕೊನೆಯಲ್ಲಿ ಎಲ್ಲವೂ ನಿಂತುಬಿಡುತ್ತದೆ. ಒಂದು, ಎರಡು, ಮೂರು, ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ದೂರದಿಂದ ಬಂದಂತೆ ಒಂದೇ ಒಂದು ಟ್ರಂಪೆಟ್.

ಎಲ್ಲರೂ ಅದನ್ನು ಕುಡಿದು ಕುಣಿಯುವ ಹಾಡು ಅಂದುಕೊಂಡಿದ್ದಾರೆ. ನನಗೆ ಯಾವತ್ತೂ ಹಾಗೆ ಅನ್ನಿಸಲಿಲ್ಲ. ಅಷ್ಟು ಜನರ ನಡುವೆ ಹಾಡುತ್ತಿರುವ ಆ ಹೆಂಗಸಿನ ಮುಖವನ್ನು ಒಬ್ಬರೂ ನೋಡುತ್ತಿಲ್ಲ. ಅವಳು ನಿಲ್ಲಿಸಿ ಕಾಯುತ್ತಾಳೆ, ಟ್ರಂಪೆಟ್ ಒಂದೇ ಅವಳಿಗೆ ಉತ್ತರ ಕೊಡುತ್ತದೆ. ಮೊದಲ ಸಲ ಕ್ಯಾಸೆಟ್ಟಿನಲ್ಲಿ ಕೇಳಿದಾಗಲೇ ನನ್ನ ಕಣ್ಣು ತುಂಬಿತ್ತು. ಸಾಹಿತ್ಯ ಬರೆದುಕೊಳ್ಳಲು ರಿವೈಂಡ್ ಮಾಡಿ ಮಾಡಿ ಟೇಪು ಸವೆದು ಹೋಯಿತು.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಇಪ್ಪತ್ತನೇ ವಯಸ್ಸಿಗೆ ಪ್ರಭಾಕರ ಮಾಸ್ಟರ ಆರ್ಕೆಸ್ಟ್ರಾ ಸೇರಿದೆ. ಸ್ಟೇಷನ್ ರಸ್ತೆಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆ ನಮ್ಮ ಪ್ರಾಕ್ಟೀಸಿನ ಜಾಗ. ಗೂಡ್ಸ್ ಗಾಡಿ ಹೋಗುವಾಗ ಹಾಡು ನಿಲ್ಲಿಸಬೇಕಿತ್ತು, ಅದು ಹೋದ ಮೇಲೆ ನಿಂತ ಅಕ್ಷರದಿಂದಲೇ ಮುಂದುವರಿಸಬೇಕಿತ್ತು. ತಾಳ ಕಲಿತದ್ದು ಹಾಗೆ.

ನಮ್ಮ ಟ್ರಂಪೆಟ್ಟಿನವರು ಹುಲಿಕೆರೆಯ ರಂಗಣ್ಣ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಅವರ ತಂದೆ, ಚಿಕ್ಕಪ್ಪ ಎಲ್ಲರೂ ಮದುವೆ ದಿಬ್ಬಣಗಳಲ್ಲಿ ಬ್ಯಾಂಡ್‌ಸೆಟ್ ನುಡಿಸಿದವರು. ರಂಗಣ್ಣ ಸ್ವರ ಬರೆದದ್ದನ್ನು ಓದುತ್ತಿರಲಿಲ್ಲ. ಒಮ್ಮೆ ಕೇಳಿದರೆ ಸಾಕು. ಕ್ಲಬ್ ಹಾಡಿನ ಆ ತುಣುಕನ್ನು ಅವರು ರೆಕಾರ್ಡಿನಂತೆ ನುಡಿಸುತ್ತಿರಲಿಲ್ಲ. ಮೂರನೇ ಸ್ವರವನ್ನು ಒಂದು ಕೂದಲೆಳೆ ತಡಮಾಡಿ ಹಿಡಿಯುತ್ತಿದ್ದರು. ನುಡಿಸುವ ಮೊದಲು ತುಟಿಯ ಕೊನೆಯಿಂದ ಉಸಿರೆಳೆದುಕೊಳ್ಳುತ್ತಿದ್ದರು, ಬಿಸಿ ಕಾಫಿ ಹೀರಿದ ಹಾಗೆ ಸದ್ದಾಗುತ್ತಿತ್ತು. ನಾನು ನಾಲ್ಕು ಎಣಿಸುತ್ತಿರಲಿಲ್ಲ, ಆ ಸದ್ದಿಗೆ ಕಾಯುತ್ತಿದ್ದೆ. ಹನ್ನೆರಡು ವರ್ಷ ನಾನು ಬಿಜಿಎಂನಲ್ಲಿ ಕೈ ಎಲ್ಲಿಡಬೇಕೆಂದು ಚಿಂತೆ ಮಾಡದೆ ನಿಂತದ್ದು ಆ ನಾಲ್ಕು ಎಣಿಕೆಯಲ್ಲಿ ಮಾತ್ರ.

ಮಾಸ್ಟರದು ಒಂದು ಕಟ್ಟುನಿಟ್ಟು. ಮೊದಲು ಗಣಪತಿಯ ಹಾಡು, ಆಮೇಲೆ ಎರಡು ದೇವರನಾಮ, ಆಮೇಲೆ ಮೆಲೊಡಿ. ಹಿರಿಯರೆಲ್ಲ ಎರಡನೇ ಪಂಕ್ತಿ ಊಟಕ್ಕೆ ಎದ್ದು ಹೋದ ಮೇಲೆಯೇ ಕ್ಲಬ್ ಹಾಡು. ಎರಡನೇ ಪಂಕ್ತಿ ಕೂತಿತೇ ಎಂದು ಡ್ರಮ್ಮಿನವನು ಊಟದ ಹಾಲಿನ ಬಾಗಿಲಲ್ಲಿ ಇಣುಕಿ ಬಂದು ತಲೆಯಾಡಿಸುತ್ತಿದ್ದ. ಕೆಳಗಿಂದ ಎಷ್ಟು ಚೀಟಿ ಬಂದರೂ, ಮದುಮಗನೇ ಬರೆದು ಕಳಿಸಿದರೂ, ಅಲ್ಲಿಯವರೆಗೆ ಇಲ್ಲ.

ಆ ಕಟ್ಟುನಿಟ್ಟನ್ನು ಮುರಿದವಳು ನಾನೇ, ಹಳೇಬೀಡಿನ ಒಂದು ಛತ್ರದಲ್ಲಿ. ಹಾಡಿನ ಸಾಹಿತ್ಯವೆಲ್ಲ ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರುತ್ತಿದ್ದೆವು, ಹಾಡುವ ಕ್ರಮದಲ್ಲೇ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಪಕ್ಕದಲ್ಲಿ ನಿಲ್ಲಿಸಿದ್ದ ಫ್ಯಾನು ಪುಟ ಹಾರಿಸಿತ್ತು. ನಾನು ಗಮನಿಸದೆ ತೆರೆದ ಪುಟ ನೋಡಿ ಕ್ಲಬ್ ಹಾಡಿನ ನಗು ನಕ್ಕೇಬಿಟ್ಟೆ. ಸರಿಯಾಗಿ ಅದೇ ಕ್ಷಣಕ್ಕೆ ವಧೂವರರಿಗೆ ಆಶೀರ್ವಾದ ಮಾಡಲು ಸ್ವಾಮಿಗಳು ಬಾಗಿಲಲ್ಲಿ ಕಾಲಿಟ್ಟಿದ್ದರು. ನಾಲ್ಕು ಸ್ಪೀಕರುಗಳಲ್ಲಿ ನನ್ನ ನಗು. ಮಾಸ್ಟರ ಮುಖದಲ್ಲಿ ರಕ್ತವೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಆ ಉಸಿರಿನ ಸದ್ದು ಬಂತು, ರಂಗಣ್ಣ ಟ್ರಂಪೆಟ್ಟಿನಲ್ಲಿ ಗಣಪತಿಯ ಹಾಡು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿ ಅವರ ಹಿಂದೆಯೇ ಹಾಡಿದೆ.

ಆಮೇಲೆ ಮಾಸ್ಟರು ಹಲ್ಲು ಕಡಿಯುತ್ತಾ, "ಏನಮ್ಮ ಅದು, ಮಾನ ಕಳೆದ್ಯಲ್ಲ" ಎಂದರು.

"ಮೈಕ್ ಟೆಸ್ಟಿಂಗು ಅಂದ್ಕಂಡಿರ್ತಾರೆ ಬುಡಿ ಮಾಸ್ಟ್ರೇ," ಎಂದರು ರಂಗಣ್ಣ. "ಸ್ವಾಮಿಗೋಳೂ ನಕ್ಕಂಡೇ ಬಂದ್ರು, ನಾನು ನೋಡ್ದೆ."

ಊರಿನಲ್ಲಿ ನನಗೆ ಹೆಸರು ಬಿದ್ದದ್ದೂ ಆ ಹಾಡಿನಿಂದಲೇ. ಅಪ್ಪನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕ್ಲಬ್ ಹಾಡಿನ ವಸಂತ ಎಂದರೆ ಎಲ್ಲರಿಗೂ ಗೊತ್ತು. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. "ಹಾಡ್ತಾಳಂತೆ, ಒಂದು ಹೇಳಮ್ಮ" ಎಂದರು ಗಂಡಿನ ತಾಯಿ. ದೇವರನಾಮ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹೆಣ್ಣುಮಗು, "ಅದಲ್ಲ ಅಕ್ಕ, ನಕ್ಕೊಂಡು ಶುರು ಮಾಡ್ತೀಯಲ್ಲ, ಅದು ಹೇಳು" ಎಂದಿತು. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಆಮೇಲೆ ಬಂದ ಇನ್ನೆರಡು ಸಂಬಂಧಗಳೂ ವಿಚಾರಿಸಿಕೊಂಡು ಸುಮ್ಮನಾದವು. ನಗುತ್ತಾ ಹೇಳಿಕೊಳ್ಳುವ ಕಥೆ ಇದು. ಆದರೆ ಆ ದಿನ ಸಂಜೆ ಅಮ್ಮ ಅತ್ತಿದ್ದರು.

ಇನ್ನು ನಾನು ಮಾಡಿದ ತಪ್ಪಿನ ವಿಷಯ. ಹಳೇಬೀಡಿನದು ತಪ್ಪಲ್ಲ, ಅದು ತಮಾಷೆ.

ಹೊಸ ಕೀಬೋರ್ಡುಗಳು ಬರತೊಡಗಿದ್ದ ಕಾಲ. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ಕೊಳಲು, ಮತ್ತೊಂದು ಒತ್ತಿದರೆ ಟ್ರಂಪೆಟ್. ನಮ್ಮ ಕೀಬೋರ್ಡಿನ ಸುರೇಶ ಜಾಣ ಹುಡುಗ. ಮಾಸ್ಟರಿಗೆ ವ್ಯಾನಿನದೇ ಚಿಂತೆ. ಸ್ಪೀಕರುಗಳು ದೊಡ್ಡವಾಗಿ ಒಬ್ಬರು ಕೂರುವ ಜಾಗ ಹೋಗಿತ್ತು. ಯಾರಾದರೂ ಒಬ್ಬರು ಇಳಿಯಬೇಕು. ಟ್ರಂಪೆಟ್ಟಿಗೆ ಇದ್ದದ್ದೇ ನಾಲ್ಕೈದು ಹಾಡು, ಅದರಲ್ಲಿ ಮುಖ್ಯವಾದದ್ದು ನನ್ನದು.

ಒಂದು ಮಧ್ಯಾಹ್ನ ಪ್ರಾಕ್ಟೀಸಿಗೆ ಎಲ್ಲರೂ ಸೇರಿದ್ದಾಗ ಮಾಸ್ಟರು ಹೇಳಿದರು: "ವಸಂತ, ಗೋಡೆ ಕಡೆ ತಿರುಗಿ ನಿಂತ್ಕೋ. ಹಾಡು ನಿಂದು, ನೀನೇ ತೀರ್ಮಾನ ಮಾಡು. ಇಬ್ರೂ ಒಂದೊಂದ್ಸಲ ನುಡಿಸ್ತಾರೆ. ಯಾವ್ದು ರಂಗಣ್ಣ ಅಂತ ಹೇಳಿದ್ರೆ ಸರಿ, ರಂಗಣ್ಣ ಇರ್ತಾನೆ. ತಪ್ಪು ಹೇಳಿದ್ರೆ, ವ್ಯತ್ಯಾಸ ನಿನಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಕೇಳೋರಿಗೇನು ಗೊತ್ತಾಗತ್ತೆ?"

ನನಗೆ ನಗು ಬಂತು. ಹನ್ನೆರಡು ವರ್ಷ ಹಾಡಿದವಳಿಗೆ ಇದೇನು ಪರೀಕ್ಷೆ? ರಂಗಣ್ಣನೂ ನಗುತ್ತಿದ್ದರು. "ವಸಂತಮ್ಮಂಗೆ ಗೊತ್ತಾಯ್ತದೆ ಬುಡಿ" ಎಂದರು. ನಾನು ಗೋಡೆಗೆ ಮುಖಮಾಡಿ ನಿಂತೆ. ಸುಣ್ಣ ಬಳಿದ ಗೋಡೆ, ಅದರ ಮೇಲೆ ಹಳೆಯ ಕ್ಯಾಲೆಂಡರಿನ ಮೊಳೆ. ತಲೆಯ ಮೇಲೆ ಫ್ಯಾನು ಲಟಲಟ ತಿರುಗುತ್ತಿತ್ತು.

ಮೊದಲನೆಯದು ಬಂತು. ಶುದ್ಧವಾಗಿ, ನೇರವಾಗಿ, ರೆಕಾರ್ಡಿನಲ್ಲಿದ್ದಂತೆಯೇ. ಎರಡನೆಯದರಲ್ಲಿ ಮೂರನೇ ಸ್ವರ ಒಂದು ಕೂದಲೆಳೆ ತಡವಾಗಿ ಬಂತು. ನಾನು ಇನ್ನೊಂದು ಕ್ಷಣ ಯೋಚಿಸಲಿಲ್ಲ. "ಎರಡನೇದು ರಂಗಣ್ಣ" ಎಂದು ಕೂಗಿ, ಗೆದ್ದವಳ ಹಾಗೆ ಚಪ್ಪಾಳೆ ತಟ್ಟಿಕೊಂಡು ತಿರುಗಿದೆ.

ಸುರೇಶನ ಬೆರಳುಗಳು ಇನ್ನೂ ಕೀಬೋರ್ಡಿನ ಮೇಲಿದ್ದವು.

ಎರಡು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದ ಸುರೇಶ ರಂಗಣ್ಣನ ತಡವನ್ನು ಕಲಿತುಬಿಟ್ಟಿದ್ದ. ರಂಗಣ್ಣನೋ, ಪರೀಕ್ಷೆ ಎಂದರೆ ರೆಕಾರ್ಡಿನಂತೆ ತಪ್ಪಿಲ್ಲದೆ ನುಡಿಸುವುದು ಎಂದುಕೊಂಡು ಆ ತಡವನ್ನು ಬಿಟ್ಟು ನುಡಿಸಿದ್ದರು. ಅವರವರ ತಪ್ಪು ಅವರವರಿಗೆ. ನನ್ನ ತಪ್ಪು ಬೇರೆ. ಹನ್ನೆರಡು ವರ್ಷ ಯಾವ ಉಸಿರಿಗೆ ಕಾದಿದ್ದೆನೋ ಆ ಉಸಿರಿಗೆ ಅಂದು ಕಾಯಲಿಲ್ಲ. ಫ್ಯಾನಿನ ಸದ್ದಿತ್ತು, ನಿಜ. ನಿಲ್ಲಿಸಿ ಎನ್ನಬಹುದಿತ್ತು. ಇನ್ನೊಂದು ಸಲ ನುಡಿಸಿ ಎನ್ನಬಹುದಿತ್ತು. ಗೆಲ್ಲುವ ಆತುರದಲ್ಲಿದ್ದೆ.

ರಂಗಣ್ಣ ಟ್ರಂಪೆಟ್ಟನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟರು. "ಸುರೇಶ ಚೆನ್ನಾಗಿ ನುಡಿಸ್ತಾನೆ" ಎಂದರು. ನನ್ನ ಕಡೆ ನೋಡಲಿಲ್ಲ. ಮೆಟ್ಟಿಲಿಳಿದು ಹೋದರು. ಮಾಸ್ಟರಿಗೆ ಈ ಪರೀಕ್ಷೆ ಸರಿಯಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ನಾಳೆ ಹೆಣ್ಣಿನ ದನಿಗೂ ಒಂದು ಗುಂಡಿ ಬಂದರೆ ನನ್ನ ಗತಿಯೇನು ಎಂಬ ಹೆದರಿಕೆ ಒಳಗಿತ್ತು. ಹೇಡಿತನ ಎನ್ನಿ, ನಾನು ಇಲ್ಲವೆನ್ನುವುದಿಲ್ಲ.

ಅಲ್ಲಿಂದ ಮುಂದೆ ಹಾಡು ಅದೇ, ಚೀಟಿಗಳು ಅವೇ, ಒನ್ಸ್ ಮೋರ್ ಅದೇ. ಕೇಳುವವರಿಗೆ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ, ಮಾಸ್ಟರು ಹೇಳಿದ್ದು ನಿಜವೇ. ನನಗೆ ಮಾತ್ರ ಆ ನಾಲ್ಕು ಎಣಿಕೆ ಬಾವಿಯ ಹಾಗಿತ್ತು. ಹಿಂದಿನಿಂದ ಉಸಿರು ಬರುವುದಿಲ್ಲ ಎಂದು ಗೊತ್ತಿದ್ದೂ ಕಿವಿ ಕಾಯುತ್ತಿತ್ತು. ಎದುರಿಗೆ ಮುನ್ನೂರು ಜನ ಕುಣಿಯುತ್ತಿದ್ದರೂ ನಾನು ಒಬ್ಬಳೇ ನಿಂತಿರುತ್ತಿದ್ದೆ. ಸಿನಿಮಾದ ಆ ಗೌನಿನ ಹೆಂಗಸಿನ ಸಂಕಟ ನನಗೆ ಪೂರ್ತಿ ಅರ್ಥವಾದದ್ದು ಆಗ.

ರಂಗಣ್ಣ ಮತ್ತೆ ಬ್ಯಾಂಡ್‌ಸೆಟ್ಟಿಗೆ ಸೇರಿದ್ದರು ಎಂದು ಕೇಳಿದ್ದೆ. ನಮ್ಮ ಕಡೆಯ ಮದುವೆಗಳಲ್ಲಿ ಒಂದು ಪದ್ಧತಿಯುಂಟು. ದಿಬ್ಬಣ ತರುವ ಬ್ಯಾಂಡಿನವರು ಛತ್ರದ ಬಾಗಿಲಿನವರೆಗೆ ಮಾತ್ರ. ಗಂಡು ಹೊಸಿಲು ದಾಟಿದ ಕೂಡಲೇ ಅವರು ನಿಲ್ಲಿಸಬೇಕು, ಒಳಗೆ ಆರ್ಕೆಸ್ಟ್ರಾದವರು ಎತ್ತಿಕೊಳ್ಳಬೇಕು. ಬಾಗಿಲ ಹೊರಗೆ ಅವರು, ಒಳಗೆ ನಾವು. ಎಷ್ಟೋ ಊರುಗಳಲ್ಲಿ ಅವರೂ ನಾವೂ ಒಂದೇ ಮದುವೆಯಲ್ಲಿ ಇದ್ದಿರಬಹುದು, ಮುಖ ನೋಡಿರಲಿಲ್ಲ.

ಬೇಲೂರಿನ ಒಂದು ರಿಸೆಪ್ಷನ್ನಿನಲ್ಲಿ ನೋಡಿದೆ. ಅದಾಗಲೇ ಹದಿಮೂರು ವರ್ಷವಾಗಿತ್ತು. ದಿಬ್ಬಣ ಬಾಗಿಲಿಗೆ ಬಂದಾಗ ಕೊನೆಯಲ್ಲಿ ಬಂದ ಟ್ರಂಪೆಟ್ಟಿನ ಮೂರನೇ ಸ್ವರ ತಡವಾಯಿತು. ಕತ್ತೆತ್ತಿ ನೋಡಿದರೆ ಕೆಂಪು ಕೋಟು, ನರೆತ ಕೂದಲು, ರಂಗಣ್ಣ. ಅವರು ನನ್ನನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಗಂಡು ಹೊಸಿಲು ದಾಟಿದ, ಅವರು ನಿಲ್ಲಿಸಿದರು, ನಾವು ಎತ್ತಿಕೊಂಡೆವು.

ಎರಡನೇ ಪಂಕ್ತಿ ಕೂತ ಮೇಲೆ ಕ್ಲಬ್ ಹಾಡಿನ ಚೀಟಿ ಬಂತು. ನಾನು ಸುರೇಶನ ಹತ್ತಿರ ಹೋಗಿ, "ಇವತ್ತು ಟ್ರಂಪೆಟ್ ಪೀಸ್ ನುಡಿಸ್ಬೇಡ" ಎಂದೆ. "ಯಾಕಕ್ಕ?" ಎಂದ. "ಬೇಡ ಅಂದ್ನಲ್ಲ" ಎಂದೆ. ಎರಡನೇ ಚರಣ ಮುಗಿಯಿತು. ಎಲ್ಲ ನಿಂತಿತು. ಒಂದು, ಎರಡು, ಮೂರು, ನಾಲ್ಕು. ಬಾಗಿಲ ಕಡೆ ನೋಡಿದೆ. ಐದು, ಆರು. ಹೊರಗೆ ಆಟೋ ಹಾರನ್ನು. ಜನ ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿದರು. ಮಾಸ್ಟರು ನನ್ನನ್ನು ತಿನ್ನುವ ಹಾಗೆ ನೋಡಿದರು. ಉಳಿದ ಪಲ್ಲವಿಯನ್ನು ಹೇಗೆ ಹಾಡಿದೆನೋ ನೆನಪಿಲ್ಲ.

ಆಮೇಲೆ ಕೈತೊಳೆಯುವ ನಲ್ಲಿಯ ಹತ್ತಿರ ಹಿಂದಿನಿಂದ ದನಿ ಬಂತು.

"ವಸಂತಮ್ಮ, ನಂಗೇ ಅಂತ ಬುಟ್ಟಿದ್ರಾ ಆ ಜಾಗಾವ?"

ತಿರುಗಿದೆ. ಹೌದೆಂದು ತಲೆಯಾಡಿಸಿದೆ.

"ಬ್ಯಾಂಡ್‌ನೋರ್ನೂ ಎರಡನೇ ಪಂಕ್ತೀಲೇ ಕೂರಿಸ್ಬುಟ್ರು. ಬಾಯ್ತುಂಬಾ ಅನ್ನ ಇತ್ತು ಕಣ್ರಮ್ಮ" ಎಂದರು. ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ನಾನು ಹೇಳಿದೆ: "ರಂಗಣ್ಣ, ಅವತ್ತು ಗೋಡೆ ಹತ್ರ... ತಪ್ಪಾಯ್ತು."

ಅವರು ಕೈ ಒರೆಸಿಕೊಂಡರು. "ಕೆಲ್ಸ ಹೋಗಿದ್ಕೆ ಬೇಜಾರಿಲ್ಲ. ಬ್ಯಾಂಡೈತೆ, ಎಲ್ಲಾರ ಊದ್ಕಂಡಿರ್ತೀನಿ. ನಿಮ್ಗೂ ಗೊತ್ತಾಗ್ಲಿಲ್ವಲ್ಲ, ಅದೊಂದು ಒಳಗೇ ಕುಂತದೆ" ಎಂದರು.

"ಒಂದಿನ ಅರಸೀಕೆರೆಗೆ ಬನ್ನಿ. ಹಾಡೋಣ" ಎಂದೆ.

"ಬತ್ತೀನಿ" ಎಂದರು.

ವಿಳಾಸ ಕೊಡಲಿಲ್ಲ, ಅವರೂ ಕೇಳಲಿಲ್ಲ. ಆದರೂ ಕಾದೆ. ಭಾನುವಾರಗಳಲ್ಲಿ ಒಂದು ಲೋಟ ಹಾಲು ಹೆಚ್ಚಿಗೆ ತರಿಸುತ್ತಿದ್ದೆ, ಆಮೇಲೆ ಅದು ಮೊಸರಾಗುತ್ತಿತ್ತು. ಅಮ್ಮ ಹೋದರು. ಮಾಸ್ಟರು ಹೋದರು, ತಂಡ ಒಡೆಯಿತು. ಮೊದಲು ಡ್ರಮ್ಮಿನ ಜಾಗಕ್ಕೆ ಎಲೆಕ್ಟ್ರಾನಿಕ್ ಪ್ಯಾಡು ಬಂತು, ಆಮೇಲೆ ಇಡೀ ಆರ್ಕೆಸ್ಟ್ರಾದ ಜಾಗಕ್ಕೆ ಒಂದು ಪೆನ್‌ಡ್ರೈವು, ಈಗ ಅದೂ ಇಲ್ಲ, ಮೊಬೈಲಿನಲ್ಲೇ ವಾದ್ಯಗಳ ಟ್ರ್ಯಾಕು. ಶ್ರುತಿ ಇಳಿಸಬೇಕೆಂದರೆ ಬೆರಳಿನಿಂದ ಸವರಿದರೆ ಸಾಕು. ನನ್ನದನ್ನು ವರ್ಷವರ್ಷವೂ ಇಳಿಸುತ್ತಾ ಬಂದೆ. ಕೊನೆಗೆ ಹಾಡಿನ ನಗು ಕೆಮ್ಮಿನ ಹಾಗೆ ಕೇಳಿಸಿದ ದಿನ ನಿಲ್ಲಿಸಿದೆ. ಈಗ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ದಿನದಲ್ಲಿ ನನ್ನೊಡನೆ ಹೆಚ್ಚು ಮಾತನಾಡುವವಳು ರೈಲು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುವ ಹೆಂಗಸು. ಅವಳೂ ರೆಕಾರ್ಡೇ.

ಕಳೆದ ವರ್ಷ ಒಂದು ಭಾನುವಾರ, ಊಟದ ಹೊತ್ತು ಮೀರಿತ್ತು, ಯಾರೋ ಬಾಗಿಲು ತಟ್ಟಿದರು. ಕೋಲು ಹಿಡಿದ ಮುದುಕರು. ಬಾಯಿ ಒಳಗೆ ಹೋಗಿತ್ತು.

"ವಸಂತಮ್ಮ, ಅಡ್ರೆಸ್ ಕೊಟ್ಟಿರ್ನಿಲ್ಲ ನೀವು" ಎಂದರು.

"ಮತ್ತೆ ಹೇಗೆ ಹುಡುಕಿದ್ರಿ ರಂಗಣ್ಣ?"

"ಬಸ್ ಇಳ್ದು ಕ್ಲಬ್ ಹಾಡಿನ ವಸಂತಮ್ಮ ಎಲ್ಲವ್ರೆ ಅಂದೆ. ಹೂವಿನೋಳೂ ತೋರ್ಸುದ್ಲು, ಆಟೋದವ್ನೂ ತೋರಿಸ್ದ."

ಯಾವ ಹೆಸರಿಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಣ್ಣಗಾಗಿತ್ತೋ ಅದೇ ಹೆಸರು ಅವರನ್ನು ಬಾಗಿಲಿಗೆ ತಂದಿತ್ತು. ಒಳಗೆ ಕರೆದು ಕೂರಿಸಿದೆ. ಟ್ರಂಪೆಟ್ ಎಲ್ಲಿ ಎಂದು ಕಣ್ಣಿನಲ್ಲೇ ಹುಡುಕಿದ್ದು ಅವರಿಗೆ ತಿಳಿಯಿತು.

"ಮುಂದ್ಲು ಹಲ್ಲು ಹೋದ್ಮೇಕೆ ಊದಕ್ಕಾಗಕಿಲ್ಲ. ತುಟಿಗೆ ಆನಿಕೆ ಬೇಕು. ಇಲ್ಲಿಗೆ ಹಲ್ಲು ಕಟ್ಟಿಸಾಕೇ ಬಂದಿದ್ದು. ಅಳತೆ ತಗಂಡವ್ರೆ, ಮುಂದಿನ್ವಾರ ಕೊಡ್ತಾರಂತೆ. ಮಗ್ಳು ಬೇಲೂರಲ್ಲಿ ಟೀಚರಾಗವ್ಳೆ, ಅವ್ಳ ಹಟ. ಅನ್ನ ತಿನ್ನಾಕೆ ಆಯ್ತವೆ. ಊದಾಕೆ ಆಗಕಿಲ್ಲ, ಡಾಕ್ಟ್ರೇ ಹೇಳುದ್ರು."

ಕಾಫಿ ಮಾಡಿದೆ. "ಆ ಹಾಡೈತಾ ನಿಮ್ ಫೋನ್ನಾಗೆ?" ಎಂದು ಅವರೇ ಕೇಳಿದರು. ಇತ್ತು. ಹಾಕಿ ಮೇಜಿನ ಮೇಲಿಟ್ಟೆ. ನಗು, ಬ್ರಷ್ಷು, ಬೇಸು. ಎಷ್ಟು ವರ್ಷವಾದರೂ ಆ ಹಾಡಿಗೆ ಒಂದು ಕೂದಲೂ ನರೆತಿಲ್ಲ. ಮೊದಲ ಚರಣ ಮುಗಿಯಿತು. ಆಗ ನಾನು ಎದ್ದೆ. ಯಾಕೆ ಎದ್ದೆನೋ ಹೇಳಲಾರೆ. ಎದ್ದು ಫ್ಯಾನು ಆರಿಸಿದೆ. ಹೋಗಿ ಗೋಡೆಗೆ ಮುಖಮಾಡಿ ನಿಂತೆ.

ಹಿಂದೆ ರಂಗಣ್ಣ ಕಾಫಿ ಲೋಟ ಕೆಳಗಿಟ್ಟ ಸದ್ದಾಯಿತು.

ಕಾವ್ಯ, ನಿನಗೆ ಹೇಳುವುದು ಇಷ್ಟೇ. ಟ್ರ್ಯಾಕಿನಲ್ಲಿ ಹಾಡು, ತಪ್ಪೇನಿಲ್ಲ. ಕಾಲ ಬದಲಾಗುತ್ತದೆ. ಆದರೆ ನಿನ್ನ ಹಿಂದೆ ಯಾರಾದರೂ ಮನುಷ್ಯರು ನುಡಿಸುತ್ತಿದ್ದರೆ, ಅವರು ಸ್ವರಕ್ಕೆ ಮೊದಲು ಏನು ಮಾಡುತ್ತಾರೆ ಎಂದು ಕಿವಿಗೊಟ್ಟು ಕೇಳು. ಸ್ವರವನ್ನು ಯಾರು ಬೇಕಾದರೂ ಕಲಿಯಬಹುದು.

ಎರಡನೇ ಚರಣ ಮುಗಿಯಿತು. ಎಲ್ಲ ನಿಂತಿತು. ಒಂದು. ಎರಡು. ಮೂರು. ನನ್ನ ಬೆನ್ನ ಹಿಂದಿನಿಂದ, ತುಟಿಯ ಕೊನೆಯಿಂದ, ಬಿಸಿ ಕಾಫಿ ಹೀರಿದ ಹಾಗೆ ಒಂದು ಉಸಿರಿನ ಸದ್ದು ಬಂತು.

"ನೀವೇ ರಂಗಣ್ಣ" ಎಂದೆ.

ಫೋನಿನಲ್ಲಿ ಯಾರದೋ ಟ್ರಂಪೆಟ್ಟು ನುಡಿಯುತ್ತಿತ್ತು. ಅದು ಮುಗಿದ ಮೇಲೆ ಅವರು ಮೆಲ್ಲಗೆ ಹೇಳಿದರು:

"ಈಗ್ಯಾವ ಮಾಸ್ಟ್ರ ಮುಂದೆ ಹೇಳೀರಿ ವಸಂತಮ್ಮ?"

ಹಾಡು ಇನ್ನೂ ಒಂದು ಪಲ್ಲವಿಯಷ್ಟು ಬಾಕಿಯಿತ್ತು. ಅದು ಮುಗಿಯುವ ತನಕ ನಾನು ಗೋಡೆಯಿಂದ ಈಚೆಗೆ ತಿರುಗಲಿಲ್ಲ.